ಬಟ್ಟಲಲ್ಲಿ ಬಂದ ಜಪಾನಿನ ಕಾಸು

ಮೊನ್ನೆ ಭಾನುವಾರ ನಿಮ್ಮಲ್ಲಿ ಚಿಕ್ಕವಳು ನನ್ನ ಟ್ರಂಕಿನಿಂದ ಒಂದು ಬಿಳಿ ಕಾಸು ತೆಗೆದು ನೀರಿನ ಲೋಟದಲ್ಲಿ ಮೆಲ್ಲಗೆ ಮಲಗಿಸಿದಳು. ಅದು ಮುಳುಗಲಿಲ್ಲ, ಎಲೆಯ ಹಾಗೆ ತೇಲಿತು. "ಅಜ್ಜಿ, ಇದು ಡೂಪ್ಲಿಕೇಟ್ ದುಡ್ಡು ಕಣಜ್ಜಿ!" ಎಂದು ಕೂಗಿದಳು. ಅಲ್ಲ, ಅದು ಜಪಾನಿನ ಒಂದು ಯೆನ್, ಅಷ್ಟೇ ಹಗುರ ಎನ್ನಬೇಕೆಂದುಕೊಂಡೆ. ಅನ್ನಲಿಲ್ಲ. ಅಂದಿದ್ದರೆ ಎಲ್ಲಿಂದ ಬಂತು ಎಂದು ಕೇಳುತ್ತಿದ್ದಿರಿ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೂ ಮೇಷ್ಟ್ರು ಏನು ಕೇಳಿದರೂ ನಾನು ಬಾಯಲ್ಲಿ ಹೇಳದೆ ಸ್ಲೇಟಿನಲ್ಲಿ ಬರೆದು ತೋರಿಸಿದವಳು. ಇದನ್ನೂ ಬರೆದೇ ತೋರಿಸುತ್ತಿದ್ದೇನೆ.

ನಿಮ್ಮ ತಾತ ತೀರಿಕೊಂಡಾಗ ಬಿಡದಿಯ ಸುತ್ತಲಿನ ರಾಗಿ ಹೊಲಗಳಲ್ಲಿ ಕಾರ್ಖಾನೆಯ ಶೆಡ್ಡುಗಳು ಏಳುತ್ತಿದ್ದವು. ಅಲ್ಲಿಗೆ ಬಂದ ಜಪಾನಿನ ಎಂಜಿನಿಯರುಗಳು ಉಳಿದುಕೊಳ್ಳುವ ಗೆಸ್ಟ್ ಹೌಸೊಂದರಲ್ಲಿ ನನಗೆ ಕಸ, ಪಾತ್ರೆ, ಬಟ್ಟೆಯ ಕೆಲಸ ಸಿಕ್ಕಿತು. ನಿಮ್ಮಮ್ಮ ಆಗ ಪಿಯುಸಿ ಓದುತ್ತಿದ್ದಳು. ಆ ಸಂಬಳ ಬಿಟ್ಟರೆ ನಮಗೆ ಬೇರೆ ದಿಕ್ಕಿರಲಿಲ್ಲ. ಅಡುಗೆಗೆ ಶಮೀಮಕ್ಕ ಇದ್ದಳು, ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವರ ಮನೆಯವಳು. ನನ್ನ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು. ಅಡುಗೆಮನೆಯ ಬಾಗಿಲ ಹಿಂದೆ ಒಂದು ಚೀಟಿ ಅಂಟಿಸಿತ್ತು. ಅತಿಥಿಗಳಿಂದ ಏನನ್ನೂ ತೆಗೆದುಕೊಳ್ಳಬಾರದು, ತೆಗೆದುಕೊಂಡವರು ಮಾರನೆಯ ದಿನದಿಂದ ಬರಬೇಕಾಗಿಲ್ಲ ಎಂದು ಬರೆದಿತ್ತು. ನಮ್ಮಿಬ್ಬರಲ್ಲಿ ಅದನ್ನು ಓದಲು ಬರುತ್ತಿದ್ದವಳು ನಾನೊಬ್ಬಳೇ.

ಕೊನೆಯ ಕೋಣೆಯಲ್ಲಿ ವಯಸ್ಸಾದ ಸಾಹೇಬರೊಬ್ಬರಿದ್ದರು. ನನ್ನನ್ನು ಕಂಡಾಗಲೆಲ್ಲ ಬಗ್ಗಿ ನಮಸ್ಕರಿಸುತ್ತಿದ್ದರು. ಹಿರಿಯರು ಬಗ್ಗಿದ ಮೇಲೆ ನಾನು ನೆಟ್ಟಗೆ ನಿಲ್ಲುವುದು ಹೇಗೆ? ನಾನೂ ಬಗ್ಗುತ್ತಿದ್ದೆ. ಅವರು ಇನ್ನಷ್ಟು ಬಗ್ಗುತ್ತಿದ್ದರು. ಕೈಯಲ್ಲಿ ಬಕೆಟ್ಟಿದ್ದ ದಿನ ನೀರು ಚೆಲ್ಲುತ್ತಿತ್ತು.

ಒಮ್ಮೆ ಅವರಿಗೆ ಹೊಟ್ಟೆ ಕೆಟ್ಟಿತು. ನನ್ನ ಬುತ್ತಿಯ ಸ್ಟೀಲ್ ಬಟ್ಟಲಿನಲ್ಲಿ ರಾಗಿ ಅಂಬಲಿ ಕೊಟ್ಟೆ. ಸಂಜೆ ಬಟ್ಟಲು ತೊಳೆದು ಮೇಜಿನ ಮೇಲಿಟ್ಟಿದ್ದರು. ಒಳಗೊಂದು ತೂತಿನ ಹಳದಿ ಕಾಸು. ನಮ್ಮಲ್ಲಿ ಯಾರಾದರೂ ತಿನ್ನಲು ಕೊಟ್ಟ ಬಟ್ಟಲನ್ನು ಬರಿದಾಗಿ ಹಿಂತಿರುಗಿಸುವುದಿಲ್ಲ, ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಇವರಿಗೂ ಆ ಪದ್ಧತಿಯಿದೆಯೋ ಅಥವಾ ಅಂಬಲಿಗೆ ಬೆಲೆ ಕಟ್ಟಿದರೋ ತಿಳಿಯಲಿಲ್ಲ.

ಶಮೀಮಕ್ಕ ಕಾಸನ್ನು ಬೆಳಕಿಗೆ ಹಿಡಿದಳು. "ಇಲ್ಲಿ ಯಾವ ಅಂಗ್ಡೀಲಿ ನಡೀತದೆ ಇದು? ನಡೀದೇ ಇರೋದ್ನ ದುಡ್ಡು ಅಂತ ಹೆಂಗಂದೀಯಮ್ಮಿ? ಮಡೀಕೋ."

ಕಾಸಿನ ಮೇಲೆ ಬಾಗಿದ ಭತ್ತದ ತೆನೆಯಿತ್ತು. ತೂತಿನ ಸುತ್ತ ಹಲ್ಲು ಹಲ್ಲಾಗಿ ಏನೋ ಇತ್ತು. ನಾನು ಸೂರ್ಯ ಎಂದೆ. "ಯಾವ ಸೂರ್ಯನೂ ಅಲ್ಲ, ಮಿಷಿನ್ ಗಾಲಿ ಕಣಮ್ಮಿ ಅದು, ನಮ್ಮನೆ ಚರಕದಲ್ಲೂ ಐತೆ" ಎಂದಳು. ಅವಳು ಹೇಳಿದ್ದೇ ಸರಿಯಂತೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಾಸು ಬಂದ ಮೇಲೆ ನಾನು ಸುಮ್ಮನಿರುವುದು ಸರಿಯಲ್ಲವೆನಿಸಿ ಹುರಿದ ಕಡಲೆಕಾಯಿ ಕೊಟ್ಟೆ. ಅವರಿಗೂ ಹಾಗೇ ಅನ್ನಿಸಿರಬೇಕು, ಬಟ್ಟಲಿನಲ್ಲಿ ತಾಮ್ರದ ಬಣ್ಣದ ಹತ್ತು ಯೆನ್ ಬಂತು. ಅದರ ಜೊತೆ ಒಂದು ಕಾಗದ. ಅದರಲ್ಲಿ ಪೆನ್ಸಿಲಿನಿಂದ ಕಾಸಿನಂಥ ಆರು ಸೊನ್ನೆ ಬರೆದು, ಬಂದಿದ್ದ ಎರಡಕ್ಕೆ ಗುರುತು ಹಾಕಿದ್ದರು. ಇನ್ನೂ ನಾಲ್ಕು ಬಗೆಯ ಕಾಸಿವೆ ಎಂಬುದು ನನಗೆ ಆ ಕಾಗದದಿಂದಲೇ ತಿಳಿದದ್ದು. ಅದನ್ನು ನೋಡಿದ ಮೇಲೆ ನಾನು ಕೆಟ್ಟೆ. ಹಿದುಕಿದ ಅವರೆ ಕೊಟ್ಟೆ, ಆ ತೇಲುವ ಕಾಸು ಬಂತು. ಕಜ್ಜಾಯ ಕೊಟ್ಟೆ, ಸೇವಂತಿಗೆ ಹೂವಿನದು ಬಂತು. ಚಿತ್ರಾನ್ನಕ್ಕೆ ನೂರು ಯೆನ್. ಒಬ್ಬಟ್ಟು ತಟ್ಟುವಾಗ ಆರನೆಯದು ಯಾವ ಬಣ್ಣವಿರಬಹುದೆಂದು ಯೋಚಿಸುತ್ತಿದ್ದೆ. ಸಾಹೇಬರ ಹೊಟ್ಟೆಯ ಯೋಚನೆ ನನಗೆ ಆ ಹೊತ್ತಿಗೆ ಉಳಿದಿರಲಿಲ್ಲ. ಬಾಗಿಲ ಹಿಂದಿನ ಚೀಟಿಯನ್ನು ಮಾತ್ರ ದಿನವೂ ಓದುತ್ತಿದ್ದೆ.

ಒಬ್ಬಟ್ಟಿನ ಮಾರನೆಯ ದಿನ ಸಾಹೇಬರು ತಾವೇ ಅಡುಗೆಮನೆಗೆ ಬಂದರು. ಅಂಗೈಯಲ್ಲಿ ಐನೂರು ಯೆನ್, ನಮ್ಮ ಐದು ರೂಪಾಯಿಗಿಂತ ದೊಡ್ಡದು. ಅವರ ಬೆನ್ನಿಗೇ ಸೂಪರ್‌ವೈಸರ್ ಬಂದ. ಚನ್ನಪಟ್ಟಣದ ಹುಡುಗ, ಕೆಟ್ಟವನಲ್ಲ.

"ಏನ್ರಮ್ಮ ಇದು? ಸಾಹೇಬ್ರ ತಾವ ಕೇಳಿ ಈಸ್ಕೊತಿದ್ದೀರಾ?"

"ಅವ್ಳೆಲ್ಲಪ್ಪ ಕೇಳಾಳು? ಒಸಿ ಉಪ್ಪು ಕೊಡು ಅನ್ನಕ್ಕೇ ಮೂರ್ ಸಲ ಕೆಮ್ತಾಳೆ" ಎಂದಳು ಶಮೀಮಕ್ಕ.

"ನೀನ್ ಸುಮ್ಕಿರಕ್ಕ, ಅವ್ರೇ ಹೇಳ್ಲಿ. ಬೇಕಾ ಇದು ನಿಮ್ಗೆ?"

ನನ್ನ ಸೊಂಟದ ಎಲೆಅಡಿಕೆ ಚೀಲದಲ್ಲಿ ಐದು ಕಾಸಿದ್ದವು. ಅಲುಗಾಡಿದರೆ ಸದ್ದಾದೀತೆಂದು ಉಸಿರು ಹಿಡಿದು ನಿಂತೆ. ನಾನು ಕೊಟ್ಟೆ, ಅದಕ್ಕೆ ಅವರೂ ಕೊಟ್ಟರು. ಹೇಳಬೇಕಾದದ್ದು ಇಷ್ಟೇ.

"ಬ್ಯಾಡ ಸಾರ್. ಯಾಕ್ ಕೊಡ್ತಾವ್ರೋ ನಂಗೊತ್ತಿಲ್ಲ" ಎಂದೆ.

ಸೂಪರ್‌ವೈಸರ್ ಇಂಗ್ಲಿಷಿನಲ್ಲಿ ಏನೋ ಹೇಳಿದ. ಸಾಹೇಬರು ನನ್ನನ್ನೊಮ್ಮೆ ನೋಡಿದರು. ಆಮೇಲೆ ಮಗನ ವಯಸ್ಸಿನ ಆ ಹುಡುಗನ ಮುಂದೆ ಸೊಂಟದವರೆಗೂ ಬಗ್ಗಿದರು, ಎರಡು ಸಲ. ಅವರು ಕ್ಷಮೆ ಕೇಳುವ ರೀತಿ ಅದು. ಸುಳ್ಳು ಹೇಳಿದ್ದು ನಾನು, ತಪ್ಪಾಯಿತೆಂದದ್ದು ಅವರು.

ಸಂಜೆ ನನ್ನ ಬಟ್ಟಲು ಅವರ ಮೇಜಿನ ಮೇಲಿತ್ತು. ತೊಳೆದಿತ್ತು, ಬರಿದಾಗಿತ್ತು. ಮುಂದಿನ ವಾರ ಅವರು ದೇಶಕ್ಕೆ ಹೊರಟಾಗ ನಾನು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. "ಒಂದ್ ಮಾತು ಆಡಿದ್ರೆ ಏನಮ್ಮಿ ಹೋಗ್ತಿತ್ತು ನಿಂದು?" ಎಂದಳು ಶಮೀಮಕ್ಕ. ಕೆಲಸ ಹೋಗುತ್ತಿತ್ತು ಎಂದೆ. ಹೋಗುತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಲ್ಲಿ ಇನ್ನೂ ಏಳು ವರ್ಷ ದುಡಿದೆ. ನಿಮ್ಮಮ್ಮನ ಓದು ಮುಗಿಯಿತು.

ಮೊನ್ನೆ ನಿಮ್ಮಲ್ಲಿ ದೊಡ್ಡವನು ಟ್ರಂಕಿನ ಕಾಸುಗಳು ಯಾವುವೆಂದು ಫೋನಿನಲ್ಲಿ ಹುಡುಕಿ ನೋಡುತ್ತ, "ಅಜ್ಜಿ, ಐನೂರು ಯೆನ್ದು ಒಂದೇ ಇಲ್ಲ. ಆನ್‌ಲೈನಲ್ಲಿ ಸಿಗ್ತದೆ, ತರಿಸ್ಲಾ? ಬೇಕಾ?" ಎಂದ. ಬ್ಯಾಡ ಎಂದು ಪಾತ್ರೆ ತೊಳೆಯಲು ಎದ್ದುಹೋದೆ.

ಇವತ್ತು ಇಷ್ಟು ಬರೆದು, ಪೆನ್ನಿಟ್ಟು ಹೊರಗೆ ಬಂದೆ. ಅವನು ಜಗಲಿಯಲ್ಲಿ ಕೂತಿದ್ದ.

"ಬೇಕು" ಎಂದೆ.

"ಏನಜ್ಜಿ?"

"ಆ ಐನೂರ್ರ ಕಾಸು. ಆಗ್ಲೂ ಬೇಕಿತ್ತು ಕಣಪ್ಪ ನಂಗೆ."

ಜೋರಾಗಿಯೇ ಅಂದಿರಬೇಕು. ನಿಮ್ಮಮ್ಮ ಸೌಟು ಹಿಡಿದುಕೊಂಡೇ ಒಳಗಿಂದ ಬಾಗಿಲಿಗೆ ಬಂದು ನನ್ನ ಮುಖ ನೋಡಿದಳು.