ವಿಷದ ಮಣ್ಣು ಎರಡು ಲೋಡ್

ಗೆಳೆಯರೇ, ಊರಾಚೆ ಮುಚ್ಚಿಹೋದ ಅಣು ಘಟಕದ ಜಾಗ ಶುಚಿ ಮಾಡುವ ಬಗ್ಗೆ ಇವತ್ತು ಶಾಲೆಯಲ್ಲಿ ಸಭೆ ಕರೆದು ಊರವರೆಲ್ಲರ ಅಭಿಪ್ರಾಯ ಕೇಳಿದರು. "ಮೇಲಿನ ಒಂದಡಿ ಮಣ್ಣು ತೆಗೆದು ಸಾಗಿಸುತ್ತೇವೆ" ಎಂದರು ಅಧಿಕಾರಿ.

ನನ್ನ ದೊಡ್ಡಪ್ಪನ ಮಗ ರಂಗಪ್ಪ ತಕ್ಷಣ ಎದ್ದ. ಪುರವರದ ಕೆರೆ ಹೂಳೆತ್ತಿದಾಗಲೂ, ಹೊಲಕ್ಕೆ ಒಳ್ಳೆ ಗೊಬ್ಬರವೆಂದು ಎಲ್ಲರಿಗಿಂತ ಮೊದಲು ಟ್ರ್ಯಾಕ್ಟರ್ ನಿಲ್ಲಿಸಿದವನು ಅವನೇ.

"ನಮ್ಮೊಲಕ್ಕೆ ಎರಡು ಲೋಡ್ ಹೊಡೆಸ್ಬುಡಿ ಸಾ."

ಅಧಿಕಾರಿ ಹೌಹಾರಿದರು. ಅದು ಗೊಬ್ಬರವಲ್ಲ, ವಿಕಿರಣ ತುಂಬಿದ ವಿಷ, ಬಿದ್ದ ಹೊಲದಲ್ಲಿ ಮೊಮ್ಮಕ್ಕಳ ಕಾಲಕ್ಕೂ ಬೆಳೆ ಇಡುವಂತಿಲ್ಲ ಎಂದು ಅರ್ಧ ಗಂಟೆ ಬಿಡಿಸಿ ಹೇಳಿದರು.

ರಂಗಪ್ಪ ತಲೆ ಕೆರೆದುಕೊಂಡ. "ಅಂಗಾರೆ ನಮ್ಗೆ ಬ್ಯಾಡ. ಬದುವಿನಾಚೆ ನಮ್ ದಾಯಾದಿ ಹೊಲ ಐತೆ, ಅಲ್ಲಿಗೆ ಹಾಕ್ಬುಡಿ."

ಅಧಿಕಾರಿ ಅದನ್ನೂ ಒಂದು ಅಭಿಪ್ರಾಯವೆಂದು ಬರೆದುಕೊಂಡರು. ಆ ಹೊಲ ನನ್ನದು. ನಾನು ಅವನ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ.