ಮಾತ್ರೆ ಹತ್ತಿದ ಹೊತ್ತು

ಮುನಿಯಲ್ಲಪ್ಪನ ಬಲಗೈ ನಡುಗತೊಡಗಿದಾಗ ಕಾರ್ಖಾನೆಗಳ ಊರು ಮೂಕಂಡಪಲ್ಲಿಯ ಒಂದು ವಠಾರದಲ್ಲಿ ಒಳಗೊಳಗೇ ನೆಮ್ಮದಿ ಪಟ್ಟವಳು ಅವನ ಹೆಂಡತಿ ಲಕ್ಷ್ಮೀದೇವಮ್ಮ ಒಬ್ಬಳೇ. ಮದುವೆಯಾಗಿ ಮಾಲೂರು ಕಡೆಯಿಂದ ಬಂದ ವರ್ಷವೇ ಆ ಕೈ ಅವಳ ಮುಂಬಲ್ಲು ಉದುರಿಸಿತ್ತು. ಆಮೇಲೊಮ್ಮೆ ಭುಜದ ಮೂಳೆ ಮುರಿದಿತ್ತು. ಸಾರಿಗೆ ಉಪ್ಪು ಹೆಚ್ಚಾದರೂ ಏಟು, ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಬೈದರೂ ಏಟು.

ನಡುಗುವ ಕೈ ಪ್ರೆಸ್ ಮೆಷಿನ್ನಿಗೆ ಸಿಕ್ಕಿ ಬೆರಳು ಜಜ್ಜಿದ ಮೇಲೆ ಅವನನ್ನು ಕೆಲಸದಿಂದ ಮನೆಗೆ ಕಳಿಸಿದರು. ಬೆಂಗಳೂರಿನ ನರರೋಗದ ಡಾಕ್ಟರು ಪಾರ್ಕಿನ್ಸನ್ ಎಂದು ಹೇಳಿ ಮಾತ್ರೆ ಬರೆದರು. ಮಾತ್ರೆ ಹತ್ತಿದ ಹೊತ್ತು ಅವನು ಮೊದಲಿನ ಮನುಷ್ಯ, ಇಳಿದರೆ ಮರದ ಕೊರಡು. ಲಕ್ಷ್ಮೀದೇವಮ್ಮ ತಾನೇ ಮಾತ್ರೆ ನುಂಗಿಸಿ, ಅದು ಹತ್ತುವಷ್ಟರಲ್ಲಿ ಬಟ್ಟೆ ಒಗೆಯುವ ನೆಪದಲ್ಲಿ ಹೊರಗೆ ಹೋಗಿಬಿಡುವಳು. ಒಂದೊಂದು ದಿನ ಹೊರಗೆ ಹೋಗಲಾಗದೆ ಏಟು ತಿನ್ನುವಳು.

ಎರಡು ಸಾವಿರದ ಏಳರಲ್ಲಿ ಮಗಳು ಭೂಮಿಕಾ ಪೇಪರಿನಲ್ಲಿ ಬಂದದ್ದನ್ನು ಓದಿ ಹೇಳಿದಳು. ಅಮೆರಿಕದಲ್ಲಿ ಈ ರೋಗದವರ ತಲೆಬುರುಡೆಗೆ ತೂತು ಕೊರೆದು, ಕೇಡು ಮಾಡದ ವೈರಸ್ಸಿನ ಮೂಲಕ ರೋಗ ತಗ್ಗಿಸುವ ಜೀನನ್ನು ಮಿದುಳಿಗೆ ಸೇರಿಸಿದ್ದಾರಂತೆ. ಕೆಲವರ ಕೈಕಾಲು ಸಲೀಸಾಗಿದೆಯಂತೆ.

"ನಂಗೂ ಅದ್ನೇ ಹಾಕ್ಸಿ," ಎಂದು ಮುನಿಯಲ್ಲಪ್ಪ ಹಟ ಹಿಡಿದ. ಮೂವರೂ ಡಾಕ್ಟರ ಹತ್ತಿರ ಹೋದರು.

"ಅದಿನ್ನೂ ಪರೀಕ್ಷೆಯ ಹಂತದಲ್ಲಿದೆ," ಎಂದರು ಡಾಕ್ಟರು. "ನಮ್ಮಲ್ಲಿಗೆ ಯಾವಾಗ ಬರುತ್ತೋ, ಬರುತ್ತೋ ಇಲ್ಲವೋ ಹೇಳೋಕಾಗಲ್ಲ."

"ಅದು ಹಾಕಿದ್ರೆ ಕೈ ಎಷ್ಟೊತ್ತು ಚೆನ್ನಾಗಿರ್ತದೆ ಸಾ?" ಲಕ್ಷ್ಮೀದೇವಮ್ಮ ಕೇಳಿದಳು.

"ಅಂದುಕೊಂಡ ಹಾಗೆ ಆದರೆ ಮಾತ್ರೆಯ ಥರ ಹತ್ತಿ ಇಳಿಯೋದಿಲ್ಲಮ್ಮ. ಇಡೀ ದಿನ ಇರುತ್ತೆ, ವರ್ಷಗಟ್ಟಲೆ."

ಇನ್ನು ಆ ಕೈ ಇಡೀ ದಿನ ಏಳುತ್ತದೆ ಎಂದು ಅವಳಿಗೆ ಅರ್ಥವಾಯಿತು. ಸದ್ಯ, ಇಲ್ಲಿಗಿನ್ನೂ ಬಂದಿಲ್ಲವಲ್ಲ ಎಂದು ಅವಳ ಮುಖ ಸಡಿಲಗೊಂಡದ್ದನ್ನು ಗಂಡ ನೋಡಿಬಿಟ್ಟ.

ಮರುದಿನ ಬೆಳಿಗ್ಗೆ ಮಾತ್ರೆ ಹತ್ತಿದ್ದೇ ತಡ, ಅವನು ಬಾಗಿಲ ಚಿಲಕ ಹಾಕಿದ. "ನಾನು ಹಿಂಗೇ ಕೊಳೀಲಿ ಅಂತ ತಾನೇ ನಿಂಗೆ?" ಎನ್ನುತ್ತ ಜುಟ್ಟು ಹಿಡಿದು ಅವಳ ತಲೆಯನ್ನು ಗೋಡೆಗೆ ಗುದ್ದಿದ. ಕಿವಿಯಿಂದ ರಕ್ತ ಇಳಿಯಿತು. ಬಿದ್ದವಳ ಪಕ್ಕೆಗೆ ಒದ್ದ. ಒಲೆಯ ಹತ್ತಿರವಿದ್ದ ಮುದ್ದೆ ಕೋಲು ಅವಳ ಕೈಗೆ ಸಿಕ್ಕಿತು. ಮೊದಲ ಏಟು ಅವನ ಮೊಣಕಾಲಿಗೆ. ಅವನು ಕುಸಿದ. ಮುಂದಿನದು ಬಲಗೈಗೆ, ಮೂಳೆ ಲಟಕ್ಕೆಂದದ್ದು ಅವಳಿಗೆ ಕೇಳಿಸಿತು. ನಿಲ್ಲಿಸಬೇಕೆಂದು ಅನಿಸಲಿಲ್ಲ. ಹೆಗಲು, ಬೆನ್ನು, ತೊಡೆ, ಸಿಕ್ಕಲ್ಲಿ ಬಾರಿಸಿದಳು. "ಅಪ್ಪ ಸತ್ತೋಗ್ತದೆ, ಬಿಡಮ್ಮ," ಎಂದು ಅಪ್ಪನ ಕೂಗು ಕೇಳಿದ ಭೂಮಿಕಾ ಹೊರಗಿನಿಂದ ಬಾಗಿಲು ಬಡಿದು ಅಳತೊಡಗಿದ ಮೇಲೆಯೇ ಕೋಲು ಕೆಳಗಿಟ್ಟಳು.

ಆಟೋ ಹಿಡಿದು ಅವನನ್ನು ಆಸ್ಪತ್ರೆಗೆ ಸೇರಿಸಿದವಳೂ ಅವಳೇ. ಹೇಗಾಯಿತು ಎಂದು ಅಲ್ಲಿ ಕೇಳಿದಾಗ ಮುನಿಯಲ್ಲಪ್ಪ, "ಜಾರಿ ಬಿದ್ದೆ," ಎಂದ.

"ಇಲ್ಲ, ನಾನೇ ಹೊಡ್ದಿದ್ದು," ಎಂದಳು ಲಕ್ಷ್ಮೀದೇವಮ್ಮ.

ಅವನ ಅಣ್ಣ ವೆಂಕಟೇಶಪ್ಪ ಬಂದು ತಮ್ಮನನ್ನು ಊರಿಗೆ ಕರೆದುಕೊಂಡು ಹೊರಟ. ಅವಳು ಮಾತ್ರೆಯ ಚೀಲ ವೆಂಕಟೇಶಪ್ಪನ ಕೈಗಿತ್ತಳು. "ಟೈಮಿಗೆ ಸರಿಯಾಗಿ ಕೊಡಿ ಭಾವ. ಹತ್ತಿದಾಗ ಹೆಣ್ಮಕ್ಳನ್ನ ಹತ್ರಕ್ಕೆ ಬಿಡ್ಬೇಡಿ."

"ಇವ್ನು ಹೇಳೋ ಆ ಅಮೆರಿಕದ ಔಸ್ದಿ ಇಲ್ಲಿಗೂ ಬಂದ್ರೆ ಏನಮ್ಮ ಮಾಡೋದು?"

"ಬರ್ಲಿ ಭಾವ. ಒಳ್ಳೇರ್ಗೂ ಬತ್ತದೆ ಈ ಕಾಯ್ಲೆ. ನಿಮ್ಮ ತಮ್ಮಂಗೂ ಹಾಕ್ಸಿ. ನಾನು ಮಾತ್ರ ಅಲ್ಲಿರಾಕಿಲ್ಲ."

ಆ ತಿಂಗಳೇ ತಾಯಿ ಮಗಳು ಹತ್ತಿರದ ಅವಲಪಲ್ಲಿಯಲ್ಲಿ ಒಂದು ಕೋಣೆ ಹಿಡಿದರು. ಲಕ್ಷ್ಮೀದೇವಮ್ಮ ಗುಲಾಬಿ ತೋಟದಲ್ಲಿ ಹೂ ಕೊಯ್ಯುವ ಕೆಲಸಕ್ಕೆ ಸೇರಿದಳು.