ಪಹಣಿಗೆ ಬಂದ ವೈರಸ್ಸು

ಕನಕಪುರದ ಜೆರಾಕ್ಸ್ ಅಂಗಡಿಯಲ್ಲಿ ಪಹಣಿ ಪ್ರಿಂಟ್ ತೆಗೆಯೋದು ನನ್ನ ಕೆಲಸ. ಗಿರಾಕಿ ಇಲ್ಲದಾಗ ಕಾರ್ ರೇಸ್ ಆಡ್ತಿದ್ದೆ. ಓನರಣ್ಣ ಕಂಡುಹಿಡಿಯಬಾರದು ಅಂತ ಆ ಗೇಮಿನ ಫೈಲಿಗೆ ಕನ್ನಡದಲ್ಲಿ ‘ಪಹಣಿ’ ಅಂತಲೇ ಹೆಸರಿಟ್ಟಿದ್ದೆ.

ಒಂದಿನ ಮರಳವಾಡಿಯ ಗೌಡ್ರೊಬ್ಬರು ಪಹಣಿ ಕೇಳಿಕೊಂಡು ಬಂದರು. ಅದೇ ಹೊತ್ತಿಗೆ ಆಂಟಿವೈರಸ್ಸು ಗೇಮನ್ನು ಹಿಡಿದು, ಪರದೆ ತುಂಬ ಕೆಂಪು ಎಚ್ಚರಿಕೆ ತೋರಿಸಿತು. ಇಂಗ್ಲಿಷಿನ ಮಧ್ಯೆ ‘ಪಹಣಿ’ ಅನ್ನೋದೊಂದನ್ನು ಗೌಡ್ರು ಓದಿಕೊಂಡರು.

“ಮಿಕ್ಕಿದ್ದು ಏನಂತೆ ಕಣ್ಲಾ?”

“ಅಪಾಯ ಅಂತೆ,” ಅಂದುಬಿಟ್ಟೆ.

“ನಮ್ಮ ತಮ್ಮಂದೇ ಕೆಲ್ಸ. ಜಮೀನು ಬರೆಸ್ಕೊಂಬುಟ್ಟವ್ನೆ,” ಅಂತ ಗೌಡ್ರು ತಮ್ಮನಿಗೆ ಫೋನ್ ಹಚ್ಚಿದರು.

ಬಾಯಿ ಬಿಟ್ಟರೆ ನನ್ನ ಕೆಲಸ ಹೋಗ್ತದೆ, ಬಿಡದಿದ್ದರೆ ಅಣ್ಣತಮ್ಮಂದಿರು ಹೊಡೆದಾಡ್ತಾರೆ. ಓನರಣ್ಣ ಬೇರೆ ಹಿಂದೆಯೇ ನಿಂತಿದ್ದ.

“ಗೌಡ್ರೇ, ಇದು ನನ್ನ ಕಾರ್ ಗೇಮು, ಹೆಸರಷ್ಟೇ ಪಹಣಿ. ವೈರಸ್ಸೂ ಇಲ್ಲ, ಗೇಮ್ ಕಂಡ್ರೆ ಈ ಆಂಟಿವೈರಸ್ಸು ಸುಮ್‌ಸುಮ್ನೆ ಕೂಗ್ತದೆ.”

ಗೌಡ್ರು ಫೋನ್ ಕಟ್ ಮಾಡಿ, “ಒಸಿ ಆಡಿ ತೋರ್ಸು, ಆಮೇಲೆ ನಂಬ್ತೀನಿ,” ಅಂದರು. ಗಿರಾಕಿ ಮಾತಿಗೆ ಓನರಣ್ಣ ಇಲ್ಲ ಅನ್ನಲಿಲ್ಲ. ಅವನ ಮುಂದೆಯೇ ಆಡಿದೆ, ಗೌಡ್ರು ನಂಬಿದರು.

ಬೈಗುಳ ತಿಂದರೂ ಕೆಲಸ ಉಳೀತು, ಗೇಮೂ ಉಳೀತು. ಈಗ ಅದಕ್ಕೆ ಓನರಣ್ಣನ ಹೆಸರಿಟ್ಟಿದ್ದೀನಿ. ಆ ಹೆಸರಿನ ಪಕ್ಕ ಅಪಾಯ ಅಂತ ತೋರಿಸಿದರೂ ಗಿರಾಕಿಗಳು ಯಾರೂ ಗಾಬರಿ ಆಗಲ್ಲ.